ಪೈಆಡಿಯೋ, ಸೌಂಡ್‌ಡಿವೈಸ್, ಸೌಂಡ್‌ಫೈಲ್: ಒಂದು ಮಳೆಗಾಲ ಬಳಸಿದ ಮೇಲೆ ನಾನು ಕೊಡುವ ಮಾರ್ಕು

ಮೊದಲೇ ಹೇಳಿಬಿಡುತ್ತೇನೆ, ನಾನು ಸಾಫ್ಟ್‌ವೇರ್ ಕಂಪನಿಯವನಲ್ಲ. ಶಿರಸಿಯಿಂದ ಹುಲೇಕಲ್ ರಸ್ತೆಯಲ್ಲಿ ಹೋಗಿ, ಮಧ್ಯೆ ಒಂದು ಮಣ್ಣು ರಸ್ತೆ ಹಿಡಿದು ಇಳಿದರೆ ಸಿಗುವ ಊರು ನಮ್ಮದು. ಹಗಲು ತೋಟ, ರಾತ್ರಿ ಊಟ ಆದ ಮೇಲೆ ಒಂದೆರಡು ಗಂಟೆ ಪೈಥಾನ್ ಪ್ರೋಗ್ರಾಮಿಂಗ್. ಯಾರೂ ಕೂರಿಸಿ ಕಲಿಸಿದ್ದಲ್ಲ. ಹಾಗಾಗಿ ತಪ್ಪು ಮಾಡುವುದರಲ್ಲಿ ನನಗೆ ಒಳ್ಳೆ ಅನುಭವ ಇದೆ.

ಈ ಸಲ ಮಳೆಗಾಲಕ್ಕೆ ಹಿಡಿದ ಕೆಲಸ ಏನು ಅಂದರೆ ಮದ್ದಳೆಯ ಶ್ರುತಿ ತೋರಿಸುವ ಒಂದು ಸಣ್ಣ ಪ್ರೋಗ್ರಾಂ. ನಮ್ಮ ಅಪ್ಪಚ್ಚಿ, ಅಂದರೆ ಚಿಕ್ಕಪ್ಪ, ಮದ್ದಳೆ ಬಾರಿಸುತ್ತಾರೆ. ಮಳೆಗಾಲದಲ್ಲಿ ಮೇಳದ ತಿರುಗಾಟ ಇಲ್ಲ, ಮನೆಮನೆಯಲ್ಲಿ ತಾಳಮದ್ದಳೆ. ಆಷಾಢದ ಥಂಡಿಗೆ ಚರ್ಮ ಸಡಿಲ ಆಗಿ ಶ್ರುತಿ ಇಳಿಯುತ್ತದೆ, ಒಲೆ ಹತ್ತಿರ ಇಟ್ಟು ಕಾಯಿಸಿ ಮತ್ತೆ ಏರಿಸಬೇಕು. ಅವರಿಗೆ ಕಿವಿ ಸಾಕು. ನನಗೆ ಸಾಕಾಗುವುದಿಲ್ಲ, ನಾನಿನ್ನೂ ಕಲಿಯುತ್ತಿರುವವನು. ಸ್ಕ್ರೀನ್ ಮೇಲೆ ಒಂದು ಅಂಕಿ ಕಂಡರೆ ಎಷ್ಟು ಇಳಿದಿದೆ ಅಂತ ಗೊತ್ತಾಗುತ್ತದೆ ಅಲ್ವಾ ಅನ್ನೋದು ನನ್ನ ಲೆಕ್ಕ. ಜೊತೆಗೆ ಮನೆಯಲ್ಲಿ ಎರಡು ಡಬ್ಬಿ ಹಳೆ ಕ್ಯಾಸೆಟ್ ಇದ್ದವು, ಅವನ್ನು ಎಂಪಿ3 ಮಾಡಿಸಿ ತಂದಿದ್ದೆ. ಅದನ್ನೂ ಅದೇ ಪ್ರೋಗ್ರಾಂ ಓದಬೇಕು ಅಂತ ಆಸೆ.

ಅಂದರೆ ಬೇಕಾಗಿದ್ದು ಎರಡೇ. ಮೈಕಿನಿಂದ ಸದ್ದು ಒಳಗೆ ಬರಬೇಕು, ಫೈಲಿನಿಂದ ಸದ್ದು ಓದಬೇಕು. ಇದಕ್ಕೆ ಪೈಥಾನ್‌ನಲ್ಲಿ ಎಲ್ಲರೂ ಹೇಳುವ ಪ್ಯಾಕೇಜ್ ಮೂರು: ಪೈಆಡಿಯೋ, ಸೌಂಡ್‌ಡಿವೈಸ್, ಸೌಂಡ್‌ಫೈಲ್. ಮೂರನ್ನೂ ಹಾಕಿ ನೋಡಿದೆ. ಸದ್ದಿನ ಕೆಲಸ ಮೂರೂ ಚೆನ್ನಾಗಿಯೇ ಮಾಡುತ್ತವೆ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನನ್ನ ವಿಮರ್ಶೆ ಏನಿದ್ದರೂ ಅವು ಮನೆಯೊಳಗೆ ಬರುವಾಗ ಎಷ್ಟು ಗಲಾಟೆ ಮಾಡುತ್ತವೆ ಅನ್ನುವುದರ ಮೇಲೆ.

ಕಮಾಂಡ್‌ಗಳನ್ನು ಕನ್ನಡದಲ್ಲೇ ಬರೆದಿದ್ದೇನೆ, ಫೋನಲ್ಲಿ ಓದಿ ಹೇಳಿದ ಹಾಗೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ. ನಾನು ಕಲಿತಿದ್ದೂ ಅರ್ಧ ಹಾಗೆಯೇ. ನಮ್ಮ ಮನೆಯಲ್ಲಿ ನೆಟ್ ಸಿಗುವುದು ಅಟ್ಟದ ಕಿಟಕಿ ಹತ್ತಿರ ಮಾತ್ರ, ಕರೆಂಟ್ ಹೋಗಿ ಸ್ವಲ್ಪ ಹೊತ್ತಾದರೆ ಅದೂ ಇಲ್ಲ.

ಲ್ಯಾಪ್‌ಟಾಪ್ ಹಳೆಯದು, ಅದರಲ್ಲಿರುವುದು ಉಬುಂಟು 24.04 ಅನ್ನುವ ಲಿನಕ್ಸ್. ಮೊದಲ ಪೆಟ್ಟು ಆಡಿಯೋಗೂ ಮುಂಚೆಯೇ ಬಿತ್ತು. ಪೈಥಾನ್ ಪ್ಯಾಕೇಜ್ ತರಿಸುವ ಕಮಾಂಡ್ ಪಿಪ್. ಪಿಪ್ ಇನ್‌ಸ್ಟಾಲ್ ಪೈಆಡಿಯೋ ಅಂತ ಹೊಡೆದರೆ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್' ಅಂತ ಬೈದು ನಿಲ್ಲಿಸಿತು. ಈಗಿನ ಉಬುಂಟು, ಡೆಬಿಯನ್‌ಗಳಲ್ಲಿ ಸಿಸ್ಟಮ್ಮಿನ ಪೈಥಾನ್‌ಗೆ ಪಿಪ್ ನೇರವಾಗಿ ಕೈ ಹಾಕುವ ಹಾಗಿಲ್ಲ. ಅದೇ ಸಂದೇಶದ ಕೆಳಗೆ 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್' ಅನ್ನುವ ಆಯ್ಕೆಯೂ ಇದೆ. ಹೆಸರಲ್ಲೇ 'ಮುರಿ' ಅಂತ ಬರೆದ ಬಟನ್ನನ್ನು ಒತ್ತುವವರು ಇದ್ದಾರೆ ಅಂದರೆ ನಂಬಲಿಕ್ಕಾಗುವುದಿಲ್ಲ, ಆದರೆ ಇದ್ದಾರೆ. ನಾನು ಒತ್ತಲಿಲ್ಲ. ಪೈಥಾನ್3-ವೆನ್ವ್ ಹಾಕಿಕೊಂಡು ಒಂದು ಬೇರೆ ಎನ್ವಿರಾನ್‌ಮೆಂಟ್, ಅಂದರೆ ಸಿಸ್ಟಮ್ಮಿನದ್ದನ್ನು ಮುಟ್ಟದ ಪ್ರತ್ಯೇಕ ಪೈಥಾನ್ ಜಾಗ, ಮಾಡಿಕೊಂಡೆ. ಎರಡು ನಿಮಿಷದ ಕೆಲಸ.

ಆಮೇಲೆ ಪೈಆಡಿಯೋ. ಅಬ್ಬಾ.

ಸ್ಕ್ರೀನ್ ತುಂಬಾ ಕೆಂಪು. ಮೇಲೆ ಹೋಗಿ ನೋಡಿದರೆ ಕೆಳಗಿನದು ಕಾಣುವುದಿಲ್ಲ, ಕೆಳಗೆ ಬಂದರೆ ಕೊನೆಗೆ 'ಫೇಲ್ಡ್ ಬಿಲ್ಡಿಂಗ್ ವ್ಹೀಲ್ ಫಾರ್ ಪೈಆಡಿಯೋ' ಅಂತ ಮಾತ್ರ. ಕಟ್ಟಲಿಕ್ಕೆ ಆಗಲಿಲ್ಲ ಅಂತ ಹೇಳಿತು, ಯಾಕೆ ಅಂತ ಹೇಳಲಿಲ್ಲ. ಎರಡು ದಿನ ನಾನು ಆ ಕೊನೆಯ ಸಾಲನ್ನೇ ಹುಡುಕುತ್ತಾ ಕೂತೆ. ಪಿಪ್ ಅಪ್‌ಗ್ರೇಡ್ ಮಾಡಿದೆ, ಸೆಟಪ್‌ಟೂಲ್ಸ್ ಅಪ್‌ಗ್ರೇಡ್ ಮಾಡಿದೆ, ಪೈಥಾನನ್ನೇ ಬದಲಿಸುವುದಾ ಅಂತಲೂ ಯೋಚಿಸಿದೆ. ನಿಜವಾದ ಕಾರಣ ಆ ಕೆಂಪು ರಾಶಿಯ ನಡುವೆ ಒಂದೇ ಒಂದು ಸಾಲಲ್ಲಿತ್ತು: ಪೋರ್ಟ್‌ಆಡಿಯೋ.ಎಚ್, ನೋ ಸಚ್ ಫೈಲ್ ಆರ್ ಡೈರೆಕ್ಟರಿ. ಅಂಥಾ ಫೈಲೇ ಇಲ್ಲ. ಅಷ್ಟೇ.

ಇದು ಅರ್ಥ ಆಗಬೇಕಾದರೆ ಊರಿನ ಊಟದ ಮನೆಯ ಲೆಕ್ಕ ಹೇಳಬೇಕು. ನಮ್ಮ ಕಡೆ ಮದುವೆ ಮುಂಜಿಗೆ ಅಡುಗೆ ಭಟ್ಟರು ಬರುವುದು ಸೌಟು ಹಿಡಿದುಕೊಂಡು. ಕೊಪ್ಪರಿಗೆ, ಹಂಡೆ, ದೊಡ್ಡ ಬಾಣಲೆ ಎಲ್ಲಾ ದೇವಸ್ಥಾನದ್ದು. ಊರಿಗೆಲ್ಲಾ ಒಂದೇ ಸೆಟ್ಟು, ಯಾರ ಮನೆಯಲ್ಲಿ ಕಾರ್ಯ ಇದೆಯೋ ಅವರು ಬಳಸುತ್ತಾರೆ. ಶೇರ್ಡ್ ಲೈಬ್ರರಿ ಅಂದರೆ ಇದೇ. ಒಂದು ಫೈಲು, ಹತ್ತು ಪ್ರೋಗ್ರಾಂ. ಭಟ್ಟರು ಬಂದಾಗ ಕೊಪ್ಪರಿಗೆ ಇಲ್ಲದಿದ್ದರೆ ಅಡುಗೆ ಬರುವುದಿಲ್ಲ ಅಂತಲ್ಲ, ಪಾತ್ರೆ ಇಲ್ಲ ಅಂತ.

ಪೈಆಡಿಯೋ ಆ ಥರದ ಭಟ್ಟರು. ಮೈಕು, ಸ್ಪೀಕರಿನ ಜೊತೆ ಮಾತಾಡುವ ನಿಜವಾದ ಕೆಲಸ ಮಾಡುವುದು ಪೋರ್ಟ್‌ಆಡಿಯೋ ಅನ್ನುವ ಸಿ ಲೈಬ್ರರಿ. ಪೈಆಡಿಯೋ ಅದರ ಮೇಲಿನ ಒಂದು ತೆಳು ಪದರ. ವಿಂಡೋಸ್‌ನವರಿಗೆ ಪಿಪ್ ಕಟ್ಟಿ ಸಿದ್ಧವಾದ ವ್ಹೀಲ್ ಕೊಡುತ್ತದೆ. ಲಿನಕ್ಸ್‌ನವರಿಗೆ ಮೂಲ ಕೋಡ್ ಕೊಟ್ಟು ನಿಮ್ಮ ಮನೆಯಲ್ಲೇ ಕಂಪೈಲ್ ಮಾಡಿಕೊಳ್ಳಿ, ಅಂದರೆ ಮಷಿನ್ನಿಗೆ ಅರ್ಥ ಆಗುವ ಹಾಗೆ ಕಟ್ಟಿಕೊಳ್ಳಿ, ಅನ್ನುತ್ತದೆ. ಕಂಪೈಲ್ ಮಾಡಬೇಕಾದರೆ ಪಾತ್ರೆ ಮಾತ್ರ ಸಾಲದು, ಪಾತ್ರೆಯ ಅಳತೆ ಬರೆದ ಚೀಟಿಯೂ ಬೇಕು. ಆ ಚೀಟಿಯೇ ಹೆಡರ್ ಫೈಲ್, ಪೋರ್ಟ್‌ಆಡಿಯೋ.ಎಚ್. ಉಬುಂಟುವಿನಲ್ಲಿ ಈ ಚೀಟಿಗಳು ಕೊನೆಯಲ್ಲಿ 'ಡೆವ್' ಅಂತ ಇರುವ ಪ್ಯಾಕೇಜಿನಲ್ಲಿ ಬರುತ್ತವೆ. ಸಿಸ್ಟಮ್ಮಿಗೆ ಪ್ಯಾಕೇಜ್ ತರಿಸುವ ಕಮಾಂಡ್ ಆಪ್ಟ್, ಹಾಗಾಗಿ ಸುಡೋ ಆಪ್ಟ್ ಇನ್‌ಸ್ಟಾಲ್ ಪೋರ್ಟ್‌ಆಡಿಯೋ19-ಡೆವ್ ಪೈಥಾನ್3-ಡೆವ್ ಬಿಲ್ಡ್-ಎಸೆನ್ಷಿಯಲ್. ಇದಾದ ಮೇಲೆ ಅದೇ ಪಿಪ್ ಕಮಾಂಡ್ ಹೊಡೆದರೆ ಒಂದು ನಿಮಿಷದೊಳಗೆ ಮುಗಿಯಿತು. ಎರಡು ದಿನ ಒದ್ದಾಡಿದ್ದು ನೆನಪಾಗಿ ನಗು ಬಂತು, ಸ್ವಲ್ಪ ಸಿಟ್ಟೂ ಬಂತು.

ಆಪ್ಟ್‌ನಲ್ಲೇ ಪೈಥಾನ್3-ಪೈಆಡಿಯೋ ಅಂತ ಸಿದ್ಧ ಪ್ಯಾಕೇಜ್ ಇದೆ, ಅದನ್ನು ಹಾಕಿದರೆ ಕಂಪೈಲ್ ರಗಳೆಯೇ ಇಲ್ಲ. ಆದರೆ ಅದು ಸಿಸ್ಟಮ್ಮಿನ ಪೈಥಾನ್‌ಗೆ ಮಾತ್ರ. ಎನ್ವಿರಾನ್‌ಮೆಂಟ್ ಒಳಗಿಂದ ಕಾಣಬೇಕಾದರೆ ಅದನ್ನು ಮಾಡುವಾಗಲೇ 'ಸಿಸ್ಟಮ್ ಸೈಟ್ ಪ್ಯಾಕೇಜಸ್' ಅಂತ ಸೇರಿಸಿರಬೇಕು. ಸುಮ್ನೆ ಶಾಲೆಯ ಪ್ರಾಜೆಕ್ಟಿಗೆ ಬೇಕು ಅನ್ನುವವರು ಈ ದಾರಿಯಲ್ಲೇ ಹೋಗಿ.

ಸೌಂಡ್‌ಡಿವೈಸ್ ಬೇರೆ ಸ್ವಭಾವದ್ದು. ಅದರ ಕೆಳಗಿರುವುದೂ ಪೋರ್ಟ್‌ಆಡಿಯೋವೇ. ಆದರೆ ಇದು ಏನನ್ನೂ ಕಂಪೈಲ್ ಮಾಡುವುದಿಲ್ಲ, ಓಡುವಾಗ ಲೈಬ್ರರಿ ಎಲ್ಲಿದೆ ಅಂತ ಹುಡುಕಿ ತೆರೆಯುತ್ತದೆ. ಹಾಗಾಗಿ ಇನ್‌ಸ್ಟಾಲ್ ಸದ್ದಿಲ್ಲದೆ ಆಗಿಬಿಡುತ್ತದೆ. ನೀವು ಖುಷಿಯಾಗಿ ಇಂಪೋರ್ಟ್ ಸೌಂಡ್‌ಡಿವೈಸ್ ಅಂತ ಹೊಡೆಯುತ್ತೀರಿ, ಆಗ ಬರುತ್ತದೆ 'ಪೋರ್ಟ್‌ಆಡಿಯೋ ಲೈಬ್ರರಿ ನಾಟ್ ಫೌಂಡ್'. ವಿಂಡೋಸ್ ಮತ್ತು ಮ್ಯಾಕ್‌ನ ವ್ಹೀಲ್‌ನಲ್ಲಿ ಪೋರ್ಟ್‌ಆಡಿಯೋ ಜೊತೆಗೇ ಬರುತ್ತದೆ, ಲಿನಕ್ಸ್‌ಗೆ ಇಲ್ಲ. ಪರಿಹಾರ ಒಂದೇ ಸಾಲು: ಸುಡೋ ಆಪ್ಟ್ ಇನ್‌ಸ್ಟಾಲ್ ಲಿಬ್‌ಪೋರ್ಟ್‌ಆಡಿಯೋ2. ಡೆವ್ ಬೇಡ, ಕಂಪೈಲರ್ ಬೇಡ, ಪಾತ್ರೆ ಒಂದು ಸಾಕು. ಈ ಎರರ್ ನನಗೆ ಇಷ್ಟ ಆಯಿತು. ಒಂದೇ ಸಾಲು, ಏನು ಇಲ್ಲ ಅಂತ ನೇರ ಹೇಳುತ್ತದೆ. ಯಾವ ಪ್ಯಾಕೇಜ್ ಹಾಕಬೇಕು ಅಂತಲೂ ಅದೇ ಸಾಲಲ್ಲಿ ಹೇಳಿದ್ದರೆ ಪೂರ್ತಿ ಮಾರ್ಕು ಕೊಡುತ್ತಿದ್ದೆ.

ಇಷ್ಟಕ್ಕೇ ಮುಗಿದಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಆಮೇಲಿನದ್ದು ನನ್ನದೇ ಕಿತಾಪತಿ.

ಡಿಸ್ಕ್ ತುಂಬಿತ್ತು. ಪೈಆಡಿಯೋ ಕಟ್ಟಿ ಆಯಿತಲ್ಲ, ಇನ್ನು ಆ ಡೆವ್ ಪ್ಯಾಕೇಜ್ ಯಾಕೆ ಅಂತ ತೆಗೆದೆ. ಜೊತೆಗೆ ಆಪ್ಟ್ ಆಟೋರಿಮೂವ್ ಅಂತಲೂ ಹೊಡೆದೆ, ಕೇಳಿದ್ದಕ್ಕೆಲ್ಲ ಹೌದು ಅಂದೆ. ಮರುದಿನ ಮದ್ದಳೆ ತಂದಿಟ್ಟು, ಅಪ್ಪಚ್ಚಿಯನ್ನು ಕೂರಿಸಿ, ಪ್ರೋಗ್ರಾಂ ಓಡಿಸಿದರೆ 'ಕುಡ್ ನಾಟ್ ಇಂಪೋರ್ಟ್ ದ ಪೈಆಡಿಯೋ ಸಿ ಮಾಡ್ಯೂಲ್'. ಅದರ ಕೆಳಗೆ ಲಿಬ್‌ಪೋರ್ಟ್‌ಆಡಿಯೋ.ಎಸ್‌ಒ.2, ಕೆನಾಟ್ ಓಪನ್ ಶೇರ್ಡ್ ಆಬ್ಜೆಕ್ಟ್ ಫೈಲ್. ನಿನ್ನೆ ಓಡಿದ್ದು ಇವತ್ತು ಓಡುವುದಿಲ್ಲ. ಅಪ್ಪಚ್ಚಿ ಐದು ನಿಮಿಷ ಕಾದರು, ಆಮೇಲೆ ಕವಳದ ತಬಕು ಎಳೆದುಕೊಂಡರು.

ಆದದ್ದು ಇಷ್ಟು. ಅಳತೆ ಚೀಟಿ ತರಿಸುವಾಗ ಆಪ್ಟ್ ಅದರ ಜೊತೆ ಪಾತ್ರೆಯನ್ನೂ, ಅಂದರೆ ಲಿಬ್‌ಪೋರ್ಟ್‌ಆಡಿಯೋ2 ಅನ್ನೂ ತಾನಾಗಿ ತಂದಿತ್ತು. ಚೀಟಿ ತೆಗೆದ ಮೇಲೆ, ಪಾತ್ರೆಯನ್ನು ಯಾರೂ ಕೇಳಿ ತರಿಸಿದ್ದಲ್ಲ, ಇನ್ನು ಯಾರಿಗೂ ಬೇಡ ಅಂತ ಆಟೋರಿಮೂವ್ ಅದನ್ನೂ ಹೊರಗೆ ಹಾಕಿತು. ಪಿಪ್ ಕಟ್ಟಿದ ಪೈಆಡಿಯೋ ಅದನ್ನು ಬಳಸುತ್ತಿದೆ ಅಂತ ಆಪ್ಟ್‌ಗೆ ಗೊತ್ತೇ ಇಲ್ಲ. ಪಿಪ್ ಲೆಕ್ಕ ಬೇರೆ, ಆಪ್ಟ್ ಲೆಕ್ಕ ಬೇರೆ, ಒಬ್ಬರ ಪುಸ್ತಕವನ್ನು ಇನ್ನೊಬ್ಬರು ನೋಡುವುದಿಲ್ಲ. ನಾನು ಕಂಡ ಆಡಿಯೋ ತೊಂದರೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇದರಿಂದಲೇ ಹುಟ್ಟಿದ್ದು.

ಆದರೆ ಅವತ್ತು ನನಗೆ ಇದು ಗೊತ್ತಿರಲಿಲ್ಲ. ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಫೈಲ್ ಇಲ್ಲ ಅಂತಿದೆಯಲ್ಲ, ಫೈಲ್ ತಂದು ಹಾಕಿದರಾಯಿತು ಅಂದುಕೊಂಡೆ. ಮನೆಯ ಮೂಲೆಯಲ್ಲಿ ಇನ್ನೂ ಹಳೆಯ ಒಂದು ಲ್ಯಾಪ್‌ಟಾಪ್ ಬಿದ್ದಿತ್ತು, ಅದರಲ್ಲೂ ಲಿನಕ್ಸ್. ಹುಡುಕಿದರೆ ಅದೇ ಹೆಸರಿನ ಫೈಲ್ ಸಿಕ್ಕಿತು! ಪೆನ್‌ಡ್ರೈವಿನಲ್ಲಿ ತಂದು ಲೈಬ್ರರಿ ಫೋಲ್ಡರಿಗೆ ಹಾಕಿದೆ. ಈಗ ಹೊಸ ಎರರ್: 'ರಾಂಗ್ ಇಎಲ್‌ಎಫ್ ಕ್ಲಾಸ್, ಇಎಲ್‌ಎಫ್‌ಕ್ಲಾಸ್32'. ಆ ಲ್ಯಾಪ್‌ಟಾಪ್‌ನದ್ದು 32 ಬಿಟ್ ಸಿಸ್ಟಮ್, ನನ್ನದು 64. ಹೆಸರು ಒಂದೇ ಆದರೂ ಪಾತ್ರೆ ಒಲೆಗೆ ಕೂರುವುದಿಲ್ಲ. ಹಾಗೆ ತಂದು ಹಾಕಿದ ಫೈಲನ್ನು ಆಮೇಲೆ ನೆನಪಿಟ್ಟು ಅಳಿಸಬೇಕು, ಅದು ಇನ್ನೊಂದು ಕೆಲಸ.

ಇನ್ನೊಂದು ಅಡ್ಡದಾರಿಯನ್ನೂ ಬಹಳ ಜನ ಹೇಳುತ್ತಾರೆ, .2 ಅಂತ ಕೇಳಿದರೆ ಹತ್ತಿರದ ಯಾವುದೋ ನಂಬರಿನ ಫೈಲಿಗೆ ಆ ಹೆಸರಲ್ಲಿ ಲಿಂಕ್ ಹಾಕಿಬಿಡಿ ಅಂತ. ಬೇಡ. ಆ ಕೊನೆಯ ನಂಬರು ಸುಮ್ನೆ ಇಟ್ಟಿದ್ದಲ್ಲ. ಒಳಗಿನ ವ್ಯವಸ್ಥೆ ಹಳೆಯದಕ್ಕೆ ಹೊಂದದ ಹಾಗೆ ಬದಲಾದಾಗ ಆ ನಂಬರು ಬದಲಿಸುತ್ತಾರೆ. ಸುಳ್ಳು ಹೆಸರಲ್ಲಿ ಒಳಗೆ ಬಿಟ್ಟರೆ ಇಂಪೋರ್ಟ್ ಆಗಬಹುದು, ಮಧ್ಯದಲ್ಲಿ ಎಲ್ಲೋ ಪ್ರೋಗ್ರಾಂ ಧೊಪ್ಪಂತ ಬೀಳುತ್ತದೆ, ಆಗ ಕಾರಣ ಹುಡುಕುವುದು ಇನ್ನೂ ಕಷ್ಟ.

ಸರಿಯಾದ ದಾರಿ ತೋರಿಸಿದ್ದು ಎಲ್‌ಡಿಡಿ ಅನ್ನುವ ಸಣ್ಣ ಕಮಾಂಡ್. ನೆಟ್ ಬೇಡ ಇದಕ್ಕೆ. ಎನ್ವಿರಾನ್‌ಮೆಂಟಿನ ಸೈಟ್-ಪ್ಯಾಕೇಜಸ್ ಒಳಗೆ ಪೈಆಡಿಯೋ ಫೋಲ್ಡರಿಗೆ ಹೋದರೆ ಅಂಡರ್‌ಸ್ಕೋರ್ ಪೋರ್ಟ್‌ಆಡಿಯೋ ಅಂತ ಶುರುವಾಗಿ .ಎಸ್‌ಒ ಅಂತ ಮುಗಿಯುವ ಒಂದು ಉದ್ದ ಹೆಸರಿನ ಫೈಲ್ ಇರುತ್ತದೆ. ಎಲ್‌ಡಿಡಿ ಅಂತ ಬರೆದು ಆ ಫೈಲಿನ ಹೆಸರು ಕೊಡಿ. ಅದಕ್ಕೆ ಬೇಕಾದ ಲೈಬ್ರರಿಗಳೆಲ್ಲ ಒಂದೊಂದು ಸಾಲಲ್ಲಿ ಬರುತ್ತವೆ, ಎಡಕ್ಕೆ ಹೆಸರು, ಬಾಣದ ಗುರುತು, ಬಲಕ್ಕೆ ಅದು ಎಲ್ಲಿ ಸಿಕ್ಕಿತು ಅನ್ನುವ ವಿಳಾಸ. ನನ್ನಲ್ಲಿ ಎಲ್ಲಕ್ಕೂ ವಿಳಾಸ ಇತ್ತು, ಒಂದು ಸಾಲಲ್ಲಿ ಮಾತ್ರ ಬಾಣದ ಮುಂದೆ 'ನಾಟ್ ಫೌಂಡ್'. ಆ ಒಂದು ಸಾಲಿಗೋಸ್ಕರ ನಾನು ಅರ್ಧ ದಿನ ಎರಡು ಲ್ಯಾಪ್‌ಟಾಪ್ ಮಧ್ಯೆ ಪೆನ್‌ಡ್ರೈವ್ ಹಿಡಿದು ಓಡಾಡಿದ್ದು.

ಎಲ್‌ಡಿಕಾನ್ಫಿಗ್ ಹೈಫನ್ ಪಿ ಅಂತ ಹೊಡೆದರೆ ಸಿಸ್ಟಮ್ಮಿಗೆ ಗೊತ್ತಿರುವ ಎಲ್ಲಾ ಲೈಬ್ರರಿಗಳ ಪಟ್ಟಿ ಬರುತ್ತದೆ, ದೇವಸ್ಥಾನದ ಪಾತ್ರೆ ಪುಸ್ತಕ ಇದ್ದ ಹಾಗೆ. ಅದರಲ್ಲಿ ಗ್ರೆಪ್ ಹಾಕಿ ಪೋರ್ಟ್‌ಆಡಿಯೋ ಹುಡುಕಿದರೆ ಇದೆಯೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ. ಇಲ್ಲದ ಫೈಲ್ ಯಾವ ಪ್ಯಾಕೇಜಿನಲ್ಲಿ ಬರುತ್ತದೆ ಅಂತ ತಿಳಿಯಲಿಕ್ಕೆ ಆಪ್ಟ್-ಫೈಲ್ ಅಂತ ಒಂದಿದೆ, ಅದನ್ನು ನೆಟ್ ಇರುವಾಗಲೇ ಹಾಕಿ ಅಪ್‌ಡೇಟ್ ಮಾಡಿಟ್ಟುಕೊಳ್ಳಿ. ಈ ಮೂರು ಗೊತ್ತಿದ್ದರೆ ಆಡಿಯೋ ಅಂತಲ್ಲ, ಯಾವ ಲೈಬ್ರರಿ ಎರರ್ ಬಂದರೂ ಹೆದರಿಕೆ ಇಲ್ಲ.

ಮರುದಿನ ಶಿರಸಿ ಪೇಟೆಗೆ ಹೋಗುವ ಕೆಲಸ ಇತ್ತು. ಲ್ಯಾಪ್‌ಟಾಪ್ ಒಯ್ಯಲಿಲ್ಲ, ಮಳೆ. ಗೆಳೆಯನ ಅಂಗಡಿಯಲ್ಲಿ ಅದೇ ಉಬುಂಟು ಇತ್ತು, ಅಲ್ಲಿ ಆಪ್ಟ್ ಡೌನ್‌ಲೋಡ್ ಲಿಬ್‌ಪೋರ್ಟ್‌ಆಡಿಯೋ2 ಅಂತ ಹೊಡೆದು ಸಿಕ್ಕಿದ ಡೆಬ್ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಂದೆ. ಮನೆಗೆ ಬಂದು ಹಾಕಿದರೆ ಅದು ಲಿಬ್‌ಜ್ಯಾಕ್ ಅನ್ನುವ ಇನ್ನೊಂದು ಆಡಿಯೋ ಲೈಬ್ರರಿ ಕೇಳಿತು! ಆಪ್ಟ್ ಡೌನ್‌ಲೋಡ್ ಹೇಳಿದ ಒಂದನ್ನು ಮಾತ್ರ ತರುತ್ತದೆ, ಅದಕ್ಕೆ ಬೇಕಾದ ಇತರೆ ಪ್ಯಾಕೇಜನ್ನಲ್ಲ. ಆಟೋರಿಮೂವ್ ಅದನ್ನೂ ಒಯ್ದಿತ್ತು ಅನ್ನುವುದು ಆಗ ಗೊತ್ತಾಯಿತು. ಕೊನೆಗೆ ಸಂಜೆ ಏಳಕ್ಕೆ ಕರೆಂಟ್ ಬಂತು, ಅಟ್ಟದ ಕಿಟಕಿಗೆ ಫೋನ್ ಕಟ್ಟಿ ಆಪ್ಟ್ ಇನ್‌ಸ್ಟಾಲ್ ಹೊಡೆದೆ, ಎಲ್ಲಾ ತಾನೇ ತಂದುಕೊಂಡಿತು. ಹೆಸರು ಹೇಳಿ ಹಾಕಿದ್ದರಿಂದ ಇನ್ನು ಆಟೋರಿಮೂವ್ ಅದನ್ನು ಮುಟ್ಟುವುದಿಲ್ಲ.

ಪೋರ್ಟ್‌ಆಡಿಯೋವನ್ನು ಮೂಲ ಕೋಡಿನಿಂದ ಕಟ್ಟಿ ನೋಡುವ ಹುಚ್ಚೂ ಒಮ್ಮೆ ಬಂತು. ಅದರಲ್ಲಿ ಎರಡು ಹೊಂಡ ಇವೆ. ಒಂದು, ಕಟ್ಟಿ ಮೇಕ್ ಇನ್‌ಸ್ಟಾಲ್ ಮಾಡಿದ ಮೇಲೆ ಫೈಲ್ ಯೂಸರ್-ಲೋಕಲ್-ಲಿಬ್ ಒಳಗೆ ಕೂತಿರುತ್ತದೆ, ನಿಮ್ಮ ಕಣ್ಣಿಗೆ ಕಾಣುತ್ತದೆ, ಆದರೂ ಪ್ರೋಗ್ರಾಂ ಇಲ್ಲ ಅನ್ನುತ್ತದೆ. ಪಾತ್ರೆ ತಂದಿಟ್ಟಿದ್ದೀರಿ, ಪುಸ್ತಕದಲ್ಲಿ ಬರೆದಿಲ್ಲ. ಸುಡೋ ಎಲ್‌ಡಿಕಾನ್ಫಿಗ್ ಒಂದು ಸಲ ಹೊಡೆದರೆ ಬರೆದಂತೆ. ಇನ್ನೊಂದು ಹೊಂಡ ಆಳ ಇದೆ. ಕಟ್ಟುವ ಮುಂಚೆ ಲಿಬ್‌ಅಸೌಂಡ್2-ಡೆವ್ ಇಲ್ಲದಿದ್ದರೆ ಆಲ್ಸಾ ಇಲ್ಲದ ಪೋರ್ಟ್‌ಆಡಿಯೋ ತಯಾರಾಗುತ್ತದೆ. ಆಲ್ಸಾ ಅಂದರೆ ಲಿನಕ್ಸ್‌ನಲ್ಲಿ ಸೌಂಡ್ ಕಾರ್ಡಿನ ಜೊತೆ ಮಾತಾಡುವ ಪದರ. ಕಾನ್ಫಿಗರ್ ಮಾಡಿದಾಗ ಕೊನೆಯಲ್ಲಿ ಆಲ್ಸಾ ಮುಂದೆ 'ನೋ' ಅಂತ ಬರೆದಿರುತ್ತದೆ, ಅದನ್ನು ಯಾರೂ ಓದುವುದಿಲ್ಲ, ನಾನೂ ಓದಲಿಲ್ಲ. ಎಲ್ಲಾ ಕಟ್ಟಿ ಆಗುತ್ತದೆ, ಇಂಪೋರ್ಟ್ ಆಗುತ್ತದೆ, ಎರರ್ ಒಂದೂ ಇಲ್ಲ. ಡಿವೈಸ್ ಪಟ್ಟಿ ಕೇಳಿದರೆ ಮಾತ್ರ ಖಾಲಿ. ಮೈಕೇ ಇಲ್ಲದ ಆಡಿಯೋ ಲೈಬ್ರರಿ. ಆಪ್ಟ್‌ನಲ್ಲಿ ಸಿಗುವುದನ್ನು ಕಷ್ಟಪಟ್ಟು ಕಟ್ಟಬೇಡಿ ಅಂತ ಮಾತ್ರ ಹೇಳುತ್ತೇನೆ.

ಹೆಸರಿನ ಗೊಂದಲ ಒಂದಿದೆ, ಅದನ್ನು ಬರೆಯಲೇಬೇಕು. ಹಳೆ ಸಲಹೆಗಳಲ್ಲೆಲ್ಲ ಲಿಬ್‌ಅಸೌಂಡ್2 ಹಾಕಿ ಅಂತ ಇರುತ್ತದೆ. ಉಬುಂಟು 24.04ರಲ್ಲಿ ಹಾಗೆ ಹೊಡೆದರೆ ಅಂಥದ್ದು ಇನ್‌ಸ್ಟಾಲ್ ಮಾಡಲು ಸಿಗುವುದಿಲ್ಲ ಅನ್ನುತ್ತದೆ. ಈಗ ಅದರ ಹೆಸರು ಲಿಬ್‌ಅಸೌಂಡ್2ಟಿ64. ಕಾರಣ ಆಡಿಯೋಗೆ ಸಂಬಂಧ ಇಲ್ಲದ್ದು. 32 ಬಿಟ್‌ನಲ್ಲಿ ಸೆಕೆಂಡು ಎಣಿಸುವ ಲೆಕ್ಕ 2038ರ ಜನವರಿ 19ಕ್ಕೆ ತುಂಬಿ ಹೋಗುತ್ತದೆ, ಅದಕ್ಕಾಗಿ ಸಮಯದ ಲೆಕ್ಕವನ್ನು 64 ಬಿಟ್‌ಗೆ ಬದಲಿಸುವಾಗ ಬಹಳಷ್ಟು ಲೈಬ್ರರಿ ಪ್ಯಾಕೇಜುಗಳ ಹಿಂದೆ ಈ ಟಿ64 ಬಾಲ ಸೇರಿತು. ಒಳಗಿನ ಫೈಲ್ ಹೆಸರು ಮೊದಲಿನದ್ದೇ, ಲಿಬ್‌ಅಸೌಂಡ್.ಎಸ್‌ಒ.2. ಡೆವ್ ಪ್ಯಾಕೇಜಿನ ಹೆಸರೂ ಬದಲಾಗಿಲ್ಲ.

ಪ್ಯಾಕೇಜ್ ತರಿಸಲಿಕ್ಕೆ ಕೊಂಡಾ ಅನ್ನುವ ಬೇರೆ ವ್ಯವಸ್ಥೆ ಬಳಸುವವರ ಕತೆ ಬೇರೆ. ಕಾರವಾರದಲ್ಲಿ ನನ್ನ ಗೆಳೆಯನೊಬ್ಬ ಇದ್ದಾನೆ, ಅವನು ಟ್ಯಾಗೋರ್ ಬೀಚಿನಲ್ಲಿ ಅಲೆಯ ಸದ್ದು ರೆಕಾರ್ಡ್ ಮಾಡಿ ಏನೇನೋ ಮಾಡುತ್ತಿರುತ್ತಾನೆ. ಅವನ ಕೊಂಡಾ ಎನ್ವಿರಾನ್‌ಮೆಂಟಿನಲ್ಲಿ ಆಪ್ಟ್‌ನಿಂದ ಎಲ್ಲಾ ಹಾಕಿದರೂ 'ಜಿಲಿಬ್‌ಸಿಎಕ್ಸ್‌ಎಕ್ಸ್ 3.4.30 ನಾಟ್ ಫೌಂಡ್' ಅಂತ ಬರುತ್ತಿತ್ತು. ಕೊಂಡಾ ಅಂದರೆ ಪಾತ್ರೆ, ಒಲೆ, ನೀರು ಎಲ್ಲಾ ತಾನೇ ತರುವ ಕೇಟರಿಂಗ್‌ನವರು. ಸಿ++ ಪ್ರೋಗ್ರಾಂಗಳಿಗೆ ಬೇಕಾಗುವ ಮೂಲ ಲೈಬ್ರರಿ ಲಿಬ್‌ಎಸ್‌ಟಿಡಿಸಿ++, ಅವರದ್ದು ಹಳೆಯದು, ಸಿಸ್ಟಮ್ಮಿನ ಹೊಸ ಲೈಬ್ರರಿ ಅದಕ್ಕಿಂತ ಹೊಸದನ್ನು ಕೇಳುತ್ತದೆ, ಜಗಳ. ಅವನು ಕೊಂಡಾ-ಫೋರ್ಜ್‌ನಿಂದ ಲಿಬ್‌ಎಸ್‌ಟಿಡಿಸಿಎಕ್ಸ್‌ಎಕ್ಸ್-ಎನ್‌ಜಿ ಅಪ್‌ಡೇಟ್ ಮಾಡಿದ ಮೇಲೆ ಸರಿ ಹೋಯಿತು. ಪೋರ್ಟ್‌ಆಡಿಯೋವನ್ನೂ ಕೊಂಡಾದಿಂದಲೇ ಹಾಕಿದ, ಆಗ ಮೈಕ್ ಪಟ್ಟಿಯಲ್ಲಿ ಪಲ್ಸ್, ಅಂದರೆ ಸಿಸ್ಟಮ್ಮಿನ ಸದ್ದು ನಿಭಾಯಿಸುವ ಸರ್ವರ್, ಕಾಣೆ! ಕೊಂಡಾದ ಆಲ್ಸಾ ತನ್ನ ಪ್ಲಗಿನ್‌ಗಳನ್ನು ತನ್ನದೇ ಫೋಲ್ಡರಿನಲ್ಲಿ ಹುಡುಕುತ್ತದೆ, ಸಿಸ್ಟಮ್ಮಿನಲ್ಲಿ ಇರುವುದು ಅದಕ್ಕೆ ಕಾಣುವುದಿಲ್ಲ. ಅರ್ಧ ಅಡುಗೆ ದೇವಸ್ಥಾನದ ಪಾತ್ರೆಯಲ್ಲಿ, ಅರ್ಧ ಕೇಟರಿಂಗ್ ಪಾತ್ರೆಯಲ್ಲಿ ಮಾಡಿದರೆ ಹೀಗೇ. ನಾನು ಅವನಿಗೆ ಮೈಕಿನ ಕೆಲಸಕ್ಕೆ ಕೊಂಡಾ ಬಿಡು ಅಂದೆ. ಅವನು ಬಿಟ್ಟಿಲ್ಲ.

ಟರ್ಮಿನಲ್ ತೆರೆದಾಗ ಓಡುವ ಬ್ಯಾಷ್‌ಆರ್‌ಸಿ ಫೈಲಿನಲ್ಲಿ, ಲೈಬ್ರರಿ ಎಲ್ಲಿ ಹುಡುಕಬೇಕು ಅಂತ ಹೇಳುವ ಎಲ್‌ಡಿ ಲೈಬ್ರರಿ ಪಾತ್ ಬರೆದಿಟ್ಟು ಇದನ್ನು ಸರಿ ಮಾಡಿದೆ ಅನ್ನುವವರೂ ಸಿಗುತ್ತಾರೆ. ಒಂದು ಸಲ ಪರೀಕ್ಷೆಗೆ ಸರಿ. ಕಾಯಂ ಇಟ್ಟರೆ ಆ ಟರ್ಮಿನಲ್ಲಿನಿಂದ ಓಡುವ ಪ್ರತಿ ಪ್ರೋಗ್ರಾಮೂ ಮೊದಲು ಅಲ್ಲೇ ಹುಡುಕುತ್ತದೆ, ಆರು ತಿಂಗಳು ಬಿಟ್ಟು ಸಂಬಂಧವೇ ಇಲ್ಲದ್ದು ಯಾವುದೋ ಒಂದು ಕೆಡುತ್ತದೆ, ಆ ಹೊತ್ತಿಗೆ ನೀವು ಬರೆದಿದ್ದೇ ಮರೆತಿರುತ್ತೀರಿ.

ಈಗ ಸೌಂಡ್‌ಫೈಲ್. ಇದರ ಬಗ್ಗೆ ಹೇಳಲಿಕ್ಕೆ ಕಡಿಮೆ, ಯಾಕೆಂದರೆ ತೊಂದರೆ ಕೊಡಲಿಲ್ಲ. ಇದರ ಕೆಳಗಿರುವುದು ಲಿಬ್‌ಎಸ್‌ಎನ್‌ಡಿಫೈಲ್. ಮೊದಲು ಅದನ್ನೂ ಆಪ್ಟ್‌ನಿಂದ ಹಾಕಬೇಕಿತ್ತು, ಇಲ್ಲದಿದ್ದರೆ 'ಎಸ್‌ಎನ್‌ಡಿಫೈಲ್ ಲೈಬ್ರರಿ ನಾಟ್ ಫೌಂಡ್'. 2023ರಲ್ಲಿ ಬಂದ 0.12ರಿಂದ ಸಾಮಾನ್ಯ 64 ಬಿಟ್ ಲಿನಕ್ಸ್‌ಗೆ ಆ ಲೈಬ್ರರಿ ವ್ಹೀಲ್ ಒಳಗೇ ಬರುತ್ತದೆ. ಇನ್‌ಸ್ಟಾಲ್ ಮಾಡಿದೆ, ಇಂಪೋರ್ಟ್ ಆಯಿತು, ಕ್ಯಾಸೆಟ್ಟಿನ ಎಂಪಿ3 ಕೊಟ್ಟೆ, ಓದಿತು. ಲಿಬ್‌ಎಸ್‌ಎನ್‌ಡಿಫೈಲ್‌ಗೆ 1.1ರಿಂದ ಎಂಪಿ3 ಬರುತ್ತದೆ, ಅದಕ್ಕೆ ಮುಂಚಿನದ್ದು ನಿಮ್ಮಲ್ಲಿದ್ದರೆ ಓದುವುದಿಲ್ಲ. ಹೊರಗೆ ಕಾಯುತ್ತಾ ನಿಂತಿದ್ದ ನನಗೆ ಒಳಗೆ ಬಡಿಸಿ ಆಗಿತ್ತು ಅನ್ನುವ ಹಾಗಾಯಿತು.

ಒಂದೇ ಕಡೆ ಕೈಕೊಟ್ಟಿತು. ಅಪ್ಪಚ್ಚಿಯ ಫೋನಿನ ರೆಕಾರ್ಡಿಂಗ್ ಎಂ4ಎ. ಅದನ್ನು ಲಿಬ್‌ಎಸ್‌ಎನ್‌ಡಿಫೈಲ್ ಓದುವುದಿಲ್ಲ. ಅದಕ್ಕೆ ಎಫ್‌ಎಫ್‌ಎಂಪೆಗ್ ಬೇಕು, ಅದೂ ಪಿಪ್‌ನಿಂದಲ್ಲ, ಆಪ್ಟ್‌ನಿಂದ. ಎಫ್‌ಎಫ್‌ಎಂಪೆಗ್‌ನಲ್ಲಿ ವೇವ್ ಮಾಡಿ ಕೊಟ್ಟರೆ ಎಲ್ಲರಿಗೂ ನೆಮ್ಮದಿ.

ನನ್ನ ಮಾರ್ಕು ಹೀಗೆ. ಸೌಂಡ್‌ಫೈಲ್‌ಗೆ ಐದಕ್ಕೆ ನಾಲ್ಕೂವರೆ. ಸೌಂಡ್‌ಡಿವೈಸ್‌ಗೆ ನಾಲ್ಕು, ಲಿನಕ್ಸ್‌ನವರನ್ನು ಸ್ವಲ್ಪ ಮಲತಾಯಿ ಥರ ನೋಡಿದರೂ ನೇರ ಮಾತಾಡುತ್ತದೆ. ಅಂಕಿಗಳ ಲೆಕ್ಕ ಮಾಡುವ ನಂಪೈ ಪ್ಯಾಕೇಜಿನ ಜೊತೆಗೆ ಚೆನ್ನಾಗಿ ಹೊಂದುತ್ತದೆ, ನಾನು ಈಗ ಮೈಕಿಗೆ ಇದನ್ನೇ ಇಟ್ಟುಕೊಂಡಿದ್ದೇನೆ. ಪೈಆಡಿಯೋಗೆ ಎರಡೂವರೆ. ಓಡಿದ ಮೇಲೆ ಚೆನ್ನಾಗಿ ಓಡುತ್ತದೆ, ಹಳೆ ಪಾಠಗಳಲ್ಲೆಲ್ಲ ಅದೇ ಇರುವುದು, ಆದರೆ ಬಾಗಿಲಲ್ಲೇ ಅಷ್ಟು ಸತಾಯಿಸಿದವರಿಗೆ ಇನ್ನೂ ಜಾಸ್ತಿ ಕೊಡಲಿಕ್ಕೆ ಮನಸ್ಸಿಲ್ಲ. ಅದನ್ನು ಓಡಿಸಿದಾಗ 'ಅನ್‌ನೋನ್ ಪಿಸಿಎಂ', 'ಜ್ಯಾಕ್ ಸರ್ವರ್ ಈಸ್ ನಾಟ್ ರನ್ನಿಂಗ್' ಅಂತ ಇಪ್ಪತ್ತು ಸಾಲು ಉದುರುತ್ತದೆ, ಅದಕ್ಕೆ ಹೆದರಬೇಡಿ. ಅದು ಎರರ್ ಅಲ್ಲ. ಪೋರ್ಟ್‌ಆಡಿಯೋ ಒಂದೊಂದೇ ಬಾಗಿಲು ಬಡಿದು ನೋಡುವ ಸದ್ದು. ಕೆಳಗೆ ನಿಮ್ಮ ಪ್ರೋಗ್ರಾಂ ಓಡುತ್ತಿದ್ದರೆ ಆಯಿತು.

ಕೊನೆಗೆ ಪ್ರೋಗ್ರಾಂ ಓಡಿತು, ಅಪ್ಪಚ್ಚಿಗೆ ತೋರಿಸಿದೆ. ಹಿಂದಿನ ದಿನ ಅವರ ಫೋನಿನಲ್ಲೇ ಹಿಡಿದಿದ್ದ ರೆಕಾರ್ಡಿಂಗ್, ಕಪ್ಪು ಎರಡರ ಶ್ರುತಿ ಇಟ್ಟುಕೊಂಡು ಬಾರಿಸಿದ್ದು. ಕಪ್ಪು ಎರಡು, ಅಂದರೆ ಹಾರ್ಮೋನಿಯಮ್ಮಿನ ಎರಡನೇ ಕಪ್ಪು ಮನೆ, 311 ಹರ್ಟ್ಸ್ ಆಸುಪಾಸು ಬರಬೇಕು. ಸ್ಕ್ರೀನ್ ಮೇಲೆ 286 ಬಂತು. ಥಂಡಿಗೆ ಇಳಿದಿದೆ ನೋಡಿ ಅಂದೆ, ಸ್ವಲ್ಪ ಜಂಬದಲ್ಲೇ. ಅವರು ಸ್ಕ್ರೀನ್ ನೋಡಲೇ ಇಲ್ಲ. ಶ್ರುತಿ ಪೆಟ್ಟಿಗೆ ಹಚ್ಚಿ, ಫೋನಿನ ರೆಕಾರ್ಡಿಂಗ್ ಹಾಕಿ, ಎರಡನ್ನೂ ಒಟ್ಟಿಗೆ ಕೇಳಿಸಿ, "ನಿನ್ನ ಡಬ್ಬಿ ಇಳಿದಿದೆ" ಅಂದರು.

ಎಲ್‌ಡಿಡಿ ಹಾಕಿ ನೋಡಿದೆ, ಎಲ್ಲಾ ಲೈಬ್ರರಿಯೂ ಇತ್ತು. ತಪ್ಪು ನನ್ನದೇ ಕೋಡಿನಲ್ಲಿ. ಫೋನಿನ ರೆಕಾರ್ಡಿಂಗಿನ ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಸದ್ದು ಅಳೆದಿದೆ ಅನ್ನುವ ಅಂಕಿ, 48000, ನಾನು ಲೆಕ್ಕದಲ್ಲಿ 44100 ಅಂತ ಕೈಯಾರೆ ಬರೆದುಬಿಟ್ಟಿದ್ದೆ. ಸೌಂಡ್‌ಫೈಲ್ ಓದುವಾಗ ಸದ್ದಿನ ಜೊತೆ ಆ ರೇಟನ್ನೂ ಕೊಟ್ಟಿರುತ್ತದೆ, ನಾನೇ ಅದನ್ನು ಎತ್ತಿ ಬದಿಗಿಟ್ಟಿದ್ದು. ಒಂದು ಸಾಲು ಬದಲಿಸಿ ಮತ್ತೆ ಓಡಿಸಿದೆ. 311. ಕರೆಯಲಿಕ್ಕೆ ಹೋದರೆ ಅಪ್ಪಚ್ಚಿ ಆಗಲೇ ಒಳಗೆ ಕಷಾಯ ಕುಡಿಯುತ್ತಾ ಕೂತಿದ್ದರು.